ಇಳಿಯೋವಾಗ ಇಸ್ಕೋ

ಸಹಿ ಮಾಡುವುದು ನನಗೇನು ಹೊಸದಲ್ಲ.
ಐನೂರರ ನೋಟು ಚಾಚಿದವರ ಟಿಕೀಟಿನ ಬೆನ್ನಿಗೆ
ನಾನೂರಾ ಅರವತ್ತೆಂಟು ಅಂತ ಗೀಚಿ
ಕೆಳಗೊಂದು ಸುರುಳಿ ಎಳೆದು
'ಇಳಿಯೋವಾಗ ಇಸ್ಕೋರಿ' ಅಂತೀನಿ.
ದಿನಕ್ಕೆ ನಲವತ್ತು ಸಲ ಸಾಲಗಾರ್ತಿ,
ಮಾನ್ವಿ ಬರುವಷ್ಟರಲ್ಲಿ ಋಣ ಹರಿದಿರುತ್ತದೆ.

ಅದಕ್ಕೇ ಇರಬೇಕು, ಮಾಬುನ್ನಿ ಕಾಗದ ತಂದಾಗ
ಪೆನ್ನು ಕಿವಿಯ ಮೇಲೆ ತಯಾರೇ ಇತ್ತು.
ಸಿಂಧನೂರು ಡಿಪೋದ ಗೋಡೆಗೆ ಒತ್ತಿ ಹಿಡಿದು
ಅವಳು ಬೆರಳಿಟ್ಟಲ್ಲೆಲ್ಲ ಸುರುಳಿ ಎಳೆದೆ,
ಹನ್ನೊಂದು ಕಡೆ.
'ಬರೇ ಜಾಮೀನ, ಹುಲಿಗೆವ್ವ, ಹೆಸರಿಗಷ್ಟ.
ಪಗಾರದವರದೊಂದು ಸಹಿ ಬೇಕಂತ.'
ಹೆಸರಿಗಷ್ಟೇ ಅಂದರೆ
ಕಡಿಮೆ ಅಂತ ತಿಳಿದಿದ್ದೆ.

ಹಾಸ್ಟೆಲಿನಲ್ಲಿ ಒಂದೇ ಬಕೀಟಿನ ನೀರು ಹಂಚಿಕೊಂಡವಳು,
ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನ್ನನ್ನು ದಾಟಿಸಿದವಳು.
ಅಣ್ಣನ ಟಾಟಾ ಏಸಿನಲ್ಲಿ ಕಲಿತು
ಈಗ ಬಿಳಿ ಕಾರು, ಹಳದಿ ಬೋರ್ಡು,
ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು,
ಕನ್ನಡಿಗೆ ದರ್ಗಾದ ಹಸಿರು ದಾರ,
ಮೇಲೆ ನನ್ನ ಸಲುವಾಗಿ ಹುಲಿಗಿಯ ಭಂಡಾರ.
ಒಂದೇ ಸಲ ಕೂತಿದ್ದೆ ಅದರಲ್ಲಿ,
ಗಾಂಧಿ ಸರ್ಕಲ್ಲಿನಿಂದ ಬಸ್‌ಸ್ಟ್ಯಾಂಡಿನ ತನಕ.
ಎ.ಸಿ. ಹಾಕಿ 'ಥಂಡಿ ಆಗತೈತೇನು?' ಅಂದಳು.
ಆಗುತ್ತಿತ್ತು. ಇಲ್ಲ ಅಂದೆ.

ಆರು ಜನ ಟೀಚರ್ರು:
ಜವಳಗೇರಿಗೆ ಇಬ್ಬರು, ಪೋತ್ನಾಳಿಗೆ ಮೂವರು,
ಕ್ಯಾಂಪಿನ ಸ್ಕೂಲಿಗೆ ಒಬ್ಬರು.
ಕಂತು ಹೋಗಿ, ಡೀಸೆಲ್ಲು ಹೋಗಿ,
ಉಳಿದದ್ದು ಅವಳಿಗೆ ಸಾಕಿತ್ತು.

ಆಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆ ಆಯಿತು.
ಒಬ್ಬೊಬ್ಬರೇ ನನ್ನ ಬಸ್ಸು ಹತ್ತಿದರು.
ಆಧಾರ್ ತೋರಿಸಿದರು, ಮಿಷಿನ್ನು ಒತ್ತಿದೆ,
ಸೊನ್ನೆಯ ಟಿಕೀಟು ಕಿರ್ರೆಂದು ಬಂತು.
ಮೊದಲ ವಾರ ಇಬ್ಬರು. ದೀಪಾವಳಿಗೆ ಆರೂ.
ಅವರ ಟಿಫಿನ್ ಡಬ್ಬಿ ಹಿಡಿದುಕೊಂಡು
ಸರೀರಿ, ಸರೀರಿ ಅಂತ
ಜಾಗ ಮಾಡಿಕೊಟ್ಟವಳೂ ನಾನೇ.
ಆ ಸೊನ್ನೆ ಯಾರ ಪಗಾರದ್ದು ಅಂತ
ಆವಾಗ ಲೆಕ್ಕ ಹತ್ತಲಿಲ್ಲ.

ಫೈನಾನ್ಸಿನ ಹುಡುಗ ಬಹಳ ಮರ್ಯಾದಸ್ಥ.
'ಮೇಡಂ, ಸಾಲ ತಗೊಂಡವರಿಗೂ ನಿಮಗೂ
ಕಾಗದದಾಗ ಫರಕಿಲ್ರೀ.
ಅವರು ಫೋನ್ ಎತ್ತವಲ್ರು, ನೀವು ಎತ್ತಿದ್ರಿ.'

ಕಾರನ್ನು ಕಲ್ಲೂರ ಹತ್ತಿರ ಹಿಡಿದರಂತೆ,
ದಾರ, ಭಂಡಾರ ಎಲ್ಲ ಸಮೇತ.
ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಅಂತ ಕೇಳಿ
ನಕ್ಕುಬಿಟ್ಟೆ.
ಬಾಕಿ ಮಾತ್ರ ಉಳಿಯಿತು,
ಗಾಲಿ ಇಲ್ಲದೆ, ಬೋರ್ಡಿಲ್ಲದೆ,
ನನ್ನ ಪಗಾರದ ಚೀಟಿಯಲ್ಲಿ ಪಾರ್ಕಾಗಿ:
ತಿಂಗಳಿಗೆ ಆರು ಸಾವಿರದ ನೂರು.
ಮನೆಯವರು ಚೀಟಿ ನೋಡಿದರು.
ಏನೂ ಅನ್ನದೆ ಟಿವಿಯ ಸೌಂಡು ಹೆಚ್ಚಿಸಿದರು.

ಮಾಗಿಯಲ್ಲಿ ಒಂದು ರಾತ್ರಿ, ಕಡೇ ಟ್ರಿಪ್ಪು,
ಪೋತ್ನಾಳಿನಲ್ಲಿ ಹತ್ತಿದಳು.
ಕಾಲಡಿ ಅಕ್ಕಿ ಚೀಲ, ಮುಖಕ್ಕೆ ಸೆರಗು.
'ಎಲ್ಲಿಗೆ?' ಅಂದೆ, ಯಾರನ್ನೋ ಕೇಳಿದಂತೆ.
'ಮಾನ್ವಿ.'
ಆಧಾರ್ ಚಾಚಿದಳು.
ಒತ್ತಿದೆ. ಸೊನ್ನೆ.

ಕೊಟ್ಟು ಮುಂದೆ ಹೋಗಬೇಕಿತ್ತು, ಹೋಗಲಿಲ್ಲ.
ಅವಳೇ ಕೈಚಾಚಿ ನನ್ನ ಕಿವಿಯ ಪೆನ್ನು ತಗೊಂಡಳು.
ಟಿಕೀಟು ಮಗುಚಿ ತೊಡೆಯ ಮೇಲಿಟ್ಟು
ಬಸ್ಸು ಕುಲುಕಿದಾಗ ತಡೆದು, ಬಿಟ್ಟಾಗ ಬರೆದಳು,
ಒಂದು ಲಕ್ಷದ ಎಂಬತ್ಮೂರು ಸಾವಿರ
(ಗಣಿತದಲ್ಲಿ ಅವಳು ಎಂದೂ ತಪ್ಪಿದವಳಲ್ಲ),
ಕೆಳಗೊಂದು ಸುರುಳಿ.
ನನ್ನ ಕೈಗಿಟ್ಟು
'ಇಳಿಯೋವಾಗ ಇಸ್ಕೋ' ಅಂದಳು.
ನಕ್ಕಳೋ ಏನೋ. ಲೈಟು ಮಂಕಿತ್ತು.

ಮಾನ್ವಿಯಲ್ಲಿ ಮಂದಿ ನುಗ್ಗಿತು.
ನಾನು ಹಿಂದಿನ ಬಾಗಿಲಲ್ಲಿದ್ದೆ,
ಅವಳು ಮುಂದಿನಿಂದ ಇಳಿದಳು.
ಹೋಲ್ಡಾನ್ ಅನ್ನಬಹುದಿತ್ತು.
ಸೀಟಿ ಬಾಯಲ್ಲಿತ್ತು. ಎರಡು ಸಲ ಊದಿದೆ.

ಟಿಕೀಟು ಚಿಲ್ಲರೆ ಚೀಲದ ಒಳಗಿಸೆಯಲ್ಲಿದೆ.
ಮಿಷಿನ್ನಿನ ಸೊನ್ನೆ ಆಗಲೇ ಮಾಸಿ ಹೋಗಿದೆ.
ಬೆನ್ನಿಗೆ ಬರೆದದ್ದು ಹಾಗೇ ಇದೆ,
ನನ್ನದೇ ಪೆನ್ನಲ್ಲವೇ.