ಕಾಗದ, ಪೆನ್ನು, ಇತ್ಯಾದಿ

ಉದ್ಯಮಬಾಗದ ಹಲಗೇಕರ ಫೌಂಡ್ರಿಯಲ್ಲಿ
ಮಸ್ಟರ್ ಬರೆಯುವವಳು ನಾನು.
ಎಂಟು ಹೆಸರು. ಎಂಟರ ಕೆಳಗೆ
ಅಡಿಪಟ್ಟಿ ಇಟ್ಟು ಎರಡು ಗೆರೆ, ಕೆಂಪು ಮಸಿ.
ಗೆರೆ ದಾಟಬಾರದು ಅಂತ ಮಾಲಕರ ಅಪ್ಪಣೆ.

"ಹತ್ತಾದ್ರ ಕಾಯದೆ ಬರ್ತೈತಿ, ಸುಗಂಧಾ.
ವಿಮಾ ಕಟ್ಟಬೇಕು. ನೂರಕ್ಕ ಮೂರೂಕಾಲು ನಮ್ದು,
ಮುಕ್ಕಾಲು ಅವರ್ದು. ಈ ಏಪ್ರಿಲ್ ಬ್ಯಾಡ,
ಪುಣೆ ಆರ್ಡರ್ ಸಡ್ಲ ಐತಿ.
ಮುಂದಿನ ಏಪ್ರಿಲ್‌ಕ್ಕ ನೋಡೂಣು."

ಮುಂದಿನ ಏಪ್ರಿಲ್‌ಗೆ ಬೀಡಿನ ದರ ಏರಿತ್ತು.
ಅದರ ಮುಂದಿನದಕ್ಕೆ ಅವರ ಮಗಳ ಲಗ್ನ.
ಏಪ್ರಿಲ್‌ಗೇನು, ಕರೆಯದೆಯೂ ಬರುತ್ತದೆ,
ಬಾಗಿಲಲ್ಲಿ ನಿಂತು ಚಹಾ ಕುಡಿದು ಹೋಗುತ್ತದೆ.

ಮುಂದೂಡಿದ್ದರಿಂದ ಎಷ್ಟು ಉಳಿಯಿತು,
ತಮಗಷ್ಟೇ ನೋಡಲು ಒಂದು ಹಾಳೆ ಬೇಕೆಂದರು.
ತಿಂಗಳ ಪಗಾರದ ಮೊತ್ತ ಅವರೇ ಹೇಳಿದರು,
ಒಂದು ಲಕ್ಷ ನಲವತ್ತು ಸಾವಿರ. ನಾನು ಗುಣಿಸಿದೆ.
ತಿಂಗಳಿಗೆ ನಾಲ್ಕು ಸಾವಿರದ ಐನೂರ ಐವತ್ತು,
ಮೂರು ವರ್ಷಕ್ಕೆ
ಒಂದು ಲಕ್ಷ ಅರವತ್ತಮೂರು ಸಾವಿರದ ಎಂಟುನೂರು.
ಅಂಕಿಯನ್ನು ಹೆಬ್ಬೆರಳಿನಿಂದ ಸವರಿ
"ಪಾಲಿಷ್ ಹೊಡದಂಗ ಐತಿ" ಅಂದರು.
ಆ ದುಡ್ಡೀಗ ಮೂಲೆಯಲ್ಲಿ
ಹಸಿರು ಗ್ರೈಂಡರ್ ಆಗಿ ಗುಂಯ್ ಅನ್ನುತ್ತದೆ.
ಸುಳ್ಳೇಕೆ, ಅದರಿಂದ ನಾಗೋಜಿಗೆ ಓವರ್‌ಟೈಮೂ ಸಿಕ್ಕಿದೆ.

ಆದರೆ ಸಾತವ್ವ.
ಮಚ್ಛೆಯಿಂದ ಏಳರ ಬಸ್ಸಿಗೆ ಬಂದು
ಅಚ್ಚಿನ ಮರಳು ಜರಡಿ ಹಿಡಿಯುವವಳು,
ಹುಬ್ಬು, ರೆಪ್ಪೆ, ಬಳೆಯ ಸಂದು ಎಲ್ಲ ಕಪ್ಪು ಹಿಟ್ಟು.
ಮಸ್ಟರಿನಲ್ಲಿ ಇಲ್ಲ, ವೋಚರಿನಲ್ಲಿ ಇದ್ದಾಳೆ:
'ಮರಳು ಜರಡಿ ಖರ್ಚು.'

ಎರಡು ಮಳೆಗಾಲದಿಂದ ಕೆಮ್ಮು.
ಯಾರದೋ ಮಾತು ಕೇಳಿ ಅಶೋಕನಗರದ
ವಿಮಾ ದವಾಖಾನೆಗೆ ಹೋಗಿದ್ದಳಂತೆ.
ಕಿಟಕಿಯವನು ನಂಬರ್ ಕೇಳಿದ.
ಆಧಾರ್ ಹೇಳಿದಳು. ಅದಲ್ಲ.
ರೇಶನ್ ಕಾರ್ಡಿನದು. ಅದೂ ಅಲ್ಲ.
ಕಡೆಗೆ ಫೌಂಡ್ರಿಯ ಫೋನ್ ನಂಬರ್ ಹೇಳಿದಳು.
ನನ್ನ ಮೇಜಿನ ಮೇಲೆ
ಅದು ಎರಡು ಸಲ ಬಡಿದು ಸುಮ್ಮನಾಯಿತು.

ಎಕ್ಸ್‌ರೇ, ಗುಳಿಗೆ, ಮತ್ತೆ ಎಕ್ಸ್‌ರೇ.
ಸಂಘದಿಂದ ಇಪ್ಪತ್ತು ಸಾವಿರ, ತಿಂಗಳಿಗೆ ನೂರಕ್ಕೆರಡು.
ಅವಳ ಅಡಿಗೆಮನೆಯ ಗೋಡೆಯ ಮೇಲೆ
ಇದ್ದಿಲಲ್ಲಿ ಎಳೆದ ಗೀಟುಗಳನ್ನು ನೋಡಿ ಬಂದೆ.
ಖರ್ಚು ಉಳಿದಿರಲಿಲ್ಲ, ಪುಟ ಹಾರಿತ್ತು.
ನಮ್ಮ ಕಿರ್ದಿಯಲ್ಲಿ ಮೂರೂಕಾಲು ಇದ್ದದ್ದು
ಆ ಗೋಡೆಯ ಮೇಲೆ ಬಡ್ಡಿ ಉಂಡು ಬೆಳೆಯುತ್ತಿತ್ತು.

ಧೈರ್ಯ ತಂದುಕೊಂಡು ಕೇಳಿದೆ:
"ಸಾತವ್ವನ್ನ ಹಿಡದ್ರೂ ಒಂಬತ್ತs ಮಂದಿ.
ಕಾಯದೆ ಹೆಂಗೂ ಬರೂದಿಲ್ಲ.
ಮತ್ತ ಆಕಿನ್ನ ಮುಚ್ಚಿಡೂದ್ಯಾಕ್ರಿ?"
ಮಾಲಕರು ಕನ್ನಡಕ ತೆಗೆದರು. ಸಿಟ್ಟಿರಲಿಲ್ಲ,
ದಡ್ಡ ಹುಡುಗಿಗೆ ಮಗ್ಗಿ ಕಲಿಸುವವರ ಹಾಗೆ
"ಬರಿಯಾಕಿನ್ನ ಬಿಟ್ಟು ಎಣಿಸೀದಿ" ಅಂದರು.

ಹೊಳೆ ದಾಟಿದ ಹತ್ತು ಮಂದಿ
ಒಬ್ಬೊಬ್ಬನೂ ತನ್ನನ್ನು ಬಿಟ್ಟು ಎಣಿಸಿ
ಒಬ್ಬ ಮುಳುಗಿದನೆಂದು ದಂಡೆಯಲ್ಲಿ ಕೂತು ಅತ್ತ ಕತೆಗೆ
ಅಜ್ಜಿಯ ತೊಡೆಯ ಮೇಲೆ ಬಿದ್ದು ಬಿದ್ದು ನಕ್ಕವಳು ನಾನು.

ವೋಚರ್ ಫೈಲು ತೆಗೆದೆ.
ಪ್ರತಿ ತಿಂಗಳು ನನ್ನ ಕೈಯಾರೆ ಬರೆದದ್ದೇ,
ಬರೆಯುವಾಗ ಓದಿರಲಿಲ್ಲ:
'ಕಾಗದ, ಪೆನ್ನು, ಇತ್ಯಾದಿ: ಹನ್ನೊಂದು ಸಾವಿರ.'
ಪಡೆದವರ ಸಹಿ, ಸುಂದರವಾಗಿ, ನನ್ನದು.

ಮತ್ತೆ ಏಪ್ರಿಲ್.
ಹೊಸ ಮಸ್ಟರಿಗಿನ್ನೂ ಅಂಟಿನ ವಾಸನೆ.
ಒಳಗೆ ಮರಳು ಜರಡಿ ಖರ್ಚು ಕೆಮ್ಮುತ್ತದೆ,
ಇಲ್ಲಿ ಕಾಗದ ಪೆನ್ನು ಇತ್ಯಾದಿ
ಕತ್ತೆತ್ತಿ ಕೇಳುತ್ತದೆ.
ಎಂಟು ಹೆಸರು ಬರೆದಾಗಿದೆ.
ಅಡಿಪಟ್ಟಿ ಎಲ್ಲೋ ಮೇಜಿನ ಹಿಂದೆ ಬಿದ್ದಿದೆ.
ಹುಡುಕಿದರಾಯಿತು,
ಅಂಥ ಅವಸರವೇನಿಲ್ಲ.