ಬುಧವಾರ ಹತ್ತೂವರೆಗೆ

ಆಸ್ಪತ್ರೆಯವರು ಕೊಟ್ಟ ಫಾರಂ ನಾಲ್ಕು ಪುಟ.
ತುಂಬಿಕೊಂಡು ಬನ್ನಿ, ಕೂತು ಮಾತಾಡೋಣ ಅಂದರು:
ಡಾಕ್ಟರು, ಸಮಾಜ ಕಾರ್ಯಕರ್ತೆ ಆ ಹುಡುಗಿ,
ಬೇಲೂರಿನಿಂದ ನನ್ನ ಭಾಮೈದ, ಮತ್ತೆ ನಾನು.

ಮೂವತ್ತೊಂದು ವರ್ಷ ಆಲೂಗಡ್ಡೆ ಮಂಡಿಯಲ್ಲಿ ರೈಟರಾಗಿದ್ದವನು,
ಚೀಲದ ತೂಕ ಕಳೆದು ನಿವ್ವಳ ಬರೆಯುವುದು ಬಲ್ಲೆ.
‘ನಿದ್ದೆ ಹೇಗೆ?’ ಎಂಬುದರ ಮುಂದೆ
ಇಷ್ಟುದ್ದ ಗೆರೆ ಬಿಟ್ಟಿದ್ದಾರೆ,
ಯಾರ ನಿದ್ದೆ ಅಂತ ಹಾಕಿಲ್ಲ.

‘ಎಲ್ಲೆಂದರಲ್ಲಿ ಅಲೆಯುತ್ತಾರೆಯೇ? ಹೌದು, ಇಲ್ಲ.’
ಇಲ್ಲ ಸ್ವಾಮಿ. ಅವಳು ಡ್ಯೂಟಿಗೆ ಹೋಗ್ತಾಳೆ.
ಮಂಗಳವಾರ ಕೊಣನೂರು, ಗುರುವಾರ ಮಲ್ಲಿಪಟ್ಟಣ,
ಲಸಿಕೆ ಡಬ್ಬಿ ಅಂತ ಕೈಯಲ್ಲಿ ನನ್ನ ಟಿಫಿನ್ ಕ್ಯಾರಿಯರ್ರು.
ಸಾಲಗಾಮೆ ರಸ್ತೆ ತಿರುವಿನಲ್ಲಿ ಎಳನೀರಿನ ಫಯಾಜ್
‘ಸಿಸ್ಟರ್, ಬಸ್ಸು ಹೋಯ್ತಲ್ಲ’ ಅಂದರೆ
ಡ್ರೈವರನ್ನು ಬೈದುಕೊಂಡು ಮನೆಗೆ ವಾಪಸ್ಸು.
ಇದಕ್ಕೆ ಯಾವ ಚೌಕದಲ್ಲಿ ಟಿಕ್ಕು ಹಾಕಲಿ?
ಅಂಚಿನಲ್ಲಿ ಬರೆದೆ: ಫಯಾಜ್‌ನನ್ನೂ ಕರೆತರಬಹುದಾ, ಕೇಳುವುದು.

ಇನ್ನೂ ಕೇಳಬೇಕಾದ್ದು, ಮರೆಯುವ ಮೊದಲು
(ನಾನು ಮರೆಯುವ ಮೊದಲು):
ಆ ಬಿಳಿ ಮಾತ್ರೆ ತಿಂದ ದಿನ ಯಾಕೆ ತೂಗಾಡುತ್ತಾಳೆ.
ಸ್ನಾನ ಮಾಡಿಸಲು ಹೆಂಗಸು ಯಾರಾದರೂ ಸಿಗುತ್ತಾರಾ,
ದಿನಕ್ಕೆ ಎಷ್ಟು.
ನನ್ನ ಹರ್ನಿಯಾ ಆಪರೇಷನ್ನು, ಆ ನಾಲ್ಕು ದಿನ...
ಅದು ಬೇಡ. ಹೊಡೆದು ಹಾಕಿದೆ.

‘ಮುಂದಿನ ಬಗ್ಗೆ ಅವರ ಇಚ್ಛೆ?’
ಮೂರು ರಾತ್ರಿಯಿಂದ ಖಾಲಿ.
ಆಮೇಲೆ ನೆನಪಾಯ್ತು, ಹೊಸತೊಡಕಿನ ದಿನ,
ಸಾರು ಕುದಿಯುತ್ತಿತ್ತು, ನಾನು ಫೋನಿನಲ್ಲಿದ್ದೆ,
ಇದ್ದಕ್ಕಿದ್ದಂತೆ ತಿಳಿಯಾಗಿ ಅಂದಿದ್ದಳು:
‘ನಾನ್ ಇಲ್ದಂಗೆ ನನ್ ವಿಷ್ಯ ಮಾತಾಡ್ಬೇಡಿ, ಇಲ್ಲೇ ಇದೀನಿ.’
ಅದನ್ನೇ ಬರೆದೆ. ಒಂದಕ್ಷರ ತಿದ್ದಲಿಲ್ಲ.

ಪೆನ್ನು ಕೆಳಗಿಟ್ಟಾಗ ಬಂದು ಎದುರು ಕೂತಳು.
ನನ್ನ ಮಣಿಕಟ್ಟು ಹಿಡಿದಳು.
ಗೋಡೆ ಗಡಿಯಾರ ನಿಂತು ತಿಂಗಳಾಗಿದೆ,
ಅದನ್ನೇ ನೋಡುತ್ತ ಎಣಿಸಿದಳು.
ಫಾರಂ ತನ್ನ ಕಡೆ ತಿರುಗಿಸಿಕೊಂಡು
‘ರೋಗಿಯ ಹೆಸರು’ ಎಂಬಲ್ಲಿ ತನ್ನದಕ್ಕೆ ಅಡ್ಡಗೆರೆ ಎಳೆದು
ನನ್ನದು ಬರೆದಳು:
ಚನ್ನಿಗಪ್ಪ. ತೂಕ ಇಳಿದಿದೆ. ಊಟ ಸರಿಯಿಲ್ಲ.
ಕೆಳಗೆ ಸಹಿ, ಈಗಲೂ ಗುಂಡಗೆ,
ಜಯಶೀಲಮ್ಮ, ಎ.ಎನ್.ಎಂ.

ಬೇರೆ ಫಾರಂ ಕೇಳಿದರೆ ಕೊಡುತ್ತಾರೆ.
ಇರಲಿ ಬಿಡು.
ಹರ್ನಿಯಾದ ಸಾಲನ್ನು ಮತ್ತೆ ಬರೆದೆ.
ನಾಳೆ ಒಂದರ್ಧ ಗಂಟೆ ಮೊದಲೇ ಹೋಗಿ ಹೇಳಬೇಕು,
ಕುರ್ಚಿ ನಾಲ್ಕು ಸಾಲದು, ಐದು ಹಾಕಿ.
ಫಯಾಜ್ ಬಂದರೆ ಆರು.