ಹೊಸಬ

ಮಸ್ಟರು ಬರೆಯುತ್ತಿದ್ದವನು ನಾನೇ.
ಬೈತಕೋಲ ಬಂದರಿನ ಐಸ್ ಫ್ಯಾಕ್ಟರಿ,
ಅಮೋನಿಯಾ ನಾತಕ್ಕೆ ಕಣ್ಣುರಿಯುವ ಕೋಣೆ,
ಒಂದು ಮೇಜು, ಕಾಲಡಿಗೆ ಗೋಣಿಚೀಲ.
ಪ್ರತಿ ವರ್ಷ ಮೇ ಕೊನೆಗೆ ಕೆಂಪು ಗೆರೆ ಎಳೆದು
‘ಕೆಲಸ ಬಿಟ್ಟ’ ಎಂದು ಬರೆಯುವುದು,
ಆಗಸ್ಟ್ ಒಂದಕ್ಕೆ ಹೊಸ ಹಾಳೆ ತಿರುವಿ
‘ಪುರ್ಸು ತಾಂಡೇಲ, ಹೊಸಬ.’

ಇಪ್ಪತ್ತೊಂದು ಸಲ ಹೊಸಬನಾದ ಪುರ್ಸು.
ಕೂದಲು ಹಣ್ಣಾಯಿತು, ಹೊಸಬ.
ಮಗಳ ಮದುವೆಯಾಯಿತು, ಹೊಸಬ.
ನೂರೈವತ್ತು ಕಿಲೋದ ಗಡ್ಡೆ ಕೊಕ್ಕೆ ತಪ್ಪಿ
ಎಡಪಾದದ ಮೇಲೆ ಕೂತ ವರ್ಷವೂ
ಆಗಸ್ಟಿಗೆ ಕುಂಟುತ್ತ ಬಂದ
ಹೊಸಬ.

ಬೋಟು ಕಡಲಿಗಿಳಿಯದ ಅರವತ್ತೊಂದು ದಿನ
ಐಸು ಯಾರಿಗೆ ಬೇಕು, ಅನ್ನುವರು ಯಜಮಾನರು.
ಸರಿಯೇ.
ಆದರೆ ಡಬ್ಬಿಗಳ ತುಕ್ಕು ಕೆರೆದವರು ಯಾರು?
ಉಪ್ಪುನೀರಿನ ತೊಟ್ಟಿಗಿಳಿದು ಬುಡ ತಿಕ್ಕಿದವರು,
ಕಳ್ಳರು ತಾಮ್ರದ ತಂತಿ ಎಳೆಯದಂತೆ
ರಾತ್ರಿ ಅಲ್ಲೇ ಮಲಗಿದವರು?
‘ಅದನ್ನೆಲ್ಲ ಮಸ್ಟರಿಗೆ ಹತ್ತಿಸಬೇಡ ರೇವಣಕರ,
ಚಿಲ್ಲರೆ ಖರ್ಚಿಗೆ ಹಾಕು’ ಎಂದರು.
ಹಾಕಿದೆ.
ಬಣ್ಣ, ಬ್ರಶ್ಶು, ಕೂಲಿ, ಚಾ. ಕೆಳಗೆ ಅವನ ಹೆಬ್ಬೆಟ್ಟು.

ಬಿಡುವ ದಿನ ಶಾಲು ಹೊದಿಸಿದರು,
ಮಿಕ್ಸರ್ ಕೊಟ್ಟರು, ಮೂರು ಜಾರಿನದು.
ಫೋಟೋದಲ್ಲಿ ನಾನೂ ಇದ್ದೇನೆ, ಚಪ್ಪಾಳೆ ತಟ್ಟುತ್ತ.

ಆ ರಾತ್ರಿ ಕ್ಯಾಲೆಂಡರಿನ ಬೆನ್ನಿಗೆ ಸುಮ್ಮನೆ ಲೆಕ್ಕ ಹಾಕಿದೆ.
ಗ್ರಾಚ್ಯುಟಿ ಕಾನೂನಿನ ತಿಂಗಳಿಗೆ ಇಪ್ಪತ್ತಾರೇ ದಿನ.
ಕಡೆಯ ಪಗಾರ ಹನ್ನೆರಡು ಸಾವಿರದ ನಾನೂರ ಎಂಬತ್ತು,
ಭಾಗಿಸಿದರೆ ದಿನಕ್ಕೆ ನಾನೂರ ಎಂಬತ್ತು, ಶೇಷವಿಲ್ಲ.
ಹದಿನೈದು ದಿನದ್ದು, ಇಪ್ಪತ್ತೊಂದು ವರ್ಷದ್ದು:
ಒಂದು ಲಕ್ಷ ಐವತ್ತೊಂದು ಸಾವಿರದ ಇನ್ನೂರು.
ಮಿಕ್ಸರಿನ ಡಬ್ಬದ ಮೇಲೆ
ಮೂರು ಸಾವಿರದ ಒಂಬೈನೂರು ಅಂತಿತ್ತು.
ಶೇಷವಿಲ್ಲ ಅಂದೆನಲ್ಲ,
ನಿದ್ದೆ ಮಾತ್ರ ಬರಲಿಲ್ಲ.

ಕಾರವಾರದ ಕಾರ್ಮಿಕ ಕಚೇರಿ. ವಕೀಲರು ಮಸ್ಟರು ತೆರೆದು
‘ಸತತ ಸೇವೆ ಎಲ್ಲಿ ಸ್ವಾಮಿ,
ವರ್ಷಕ್ಕೊಮ್ಮೆ ತಾನೇ ಬಿಟ್ಟಿದ್ದಾನೆ.’
ಅಕ್ಷರ ನನ್ನದು. ದುಂಡಗಿದೆ.
ಶಾಲೆಯಲ್ಲಿ ಇದಕ್ಕೇ ಬಹುಮಾನ ಬಂದಿತ್ತು.

ಚೀಲದಿಂದ ಚಿಲ್ಲರೆ ಖರ್ಚಿನ ಕಟ್ಟು ತೆಗೆದು ಮೇಜಿಗಿಟ್ಟೆ.
ಜೂನ್. ಜುಲೈ. ಜೂನ್. ಜುಲೈ.
ಯಜಮಾನರು ನನ್ನ ನೋಡಲಿಲ್ಲ, ಕಿಟಕಿಯಾಚೆ ನೋಡಿದರು.
ನನ್ನ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿದೆ.

ವಕೀಲರು ಭೂತಗನ್ನಡಿ ಹಿಡಿದರು:
‘ಹೆಬ್ಬೆಟ್ಟಿನಲ್ಲಿ ಗೆರೆಯೇ ಇಲ್ಲ, ಬರೀ ಮಸಿಯ ಮಚ್ಚೆ.
ಯಾರದೂ ಆಗಬಹುದು.’
ಪುರ್ಸು ಕೈ ಚಾಚಿದ.
ಉಪ್ಪೂ ಐಸೂ ಸೇರಿ ಸವೆಸಿದ ಬೆರಳು,
ಹೊಳೆಗಲ್ಲಿನ ಹಾಗೆ ನುಣ್ಣಗೆ.
ಅಧಿಕಾರಿ ಬಹಳ ಹೊತ್ತು ನೋಡಿದರು, ಮುಟ್ಟಿಯೂ ನೋಡಿದರು.
ಮುಂದಿನ ತಾರೀಕು ಹದಿನೇಳು, ಎಂದರು.

ಹೊರಗೆ ಬಸ್ಸಿಗೆ ಕಾಯುವಾಗ ಅವನು ಕೇಳಿದ್ದು ಇಷ್ಟೇ:
‘ರೇವಣಕರ ಮಾಮ, ದುಡ್ಡು ಬಂದ್ರೆ
ಮಿಕ್ಸರ್ ವಾಪಸ್ ಕೊಡ್ಬೇಕಾ?
ಹೆಂಡ್ತಿ ನಿನ್ನೆ ಕಾಯಿ ಅರೆದುಬಿಟ್ಳು.’